ರೊಕ್ಕ ಹೋದ ಮೊದಲ ತಾಸು: ಸೈಬರ್ ಮೋಸದ ಬಗ್ಗೆ ಓದುಗರ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ, ಊರಷ್ಟೇ ಇದೆ.

ನಮ್ಮ ಊರ ವಾಟ್ಸಾಪ್ ಗ್ರೂಪಿನಾಗ ‘ಪಿಎಂ ಕಿಸಾನ್ ಕಂತಿನ ಪಟ್ಟಿ’ ಅಂತ ಒಂದ ಫೈಲ್ ಬಂದಿತ್ತು. ಗುರ್ತಿನವರ ನಂಬರಿಂದನ ಬಂದಿದ್ದಕ್ಕ ಒತ್ತಿದೆ. ಏನೂ ಕಾಣಲಿಲ್ಲ. ರಾತ್ರಿ ಹನ್ನೊಂದೂವರಿಗೆ 50 ಸಾವಿರ, ಹನ್ನೆರಡು ದಾಟಿದ ಮ್ಯಾಲ ಮತ್ತ 40 ಸಾವಿರ ಹೋಗೇತಿ. ಒಟಿಪಿ ಯಾರಿಗೂ ಹೇಳಿಲ್ಲ. ಫೋನ್ ಫಾರ್ಮ್ಯಾಟ್ ಹೊಡಸಲೋ, ಬ್ಯಾಂಕಿಗೆ ಹೋಗಲೋ, ಠಾಣೆಕ್ಕ ಹೋಗಲೋ?
– ರೈತರು, ಜಮಖಂಡಿ ತಾಲೂಕು

ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್, ಆಮೇಲೆ ಬ್ಯಾಂಕು, ಆಮೇಲೆ ಠಾಣೆ. ಫಾರ್ಮ್ಯಾಟ್ ಎಲ್ಲಕ್ಕಿಂತ ಕೊನೆಗೆ.

ಆದರೆ ಆ ಫೈಲು ಒತ್ತಿದ ಫೋನಿನಿಂದ ಕರೆ ಮಾಡಬೇಡಿ. ಅದರ ಡೇಟಾ, ವೈಫೈ ಎರಡೂ ಬಂದ್ ಮಾಡಿ. ಸಿಮ್ ತೆಗೆದು ಮನೆಯಲ್ಲಿರುವ ಯಾವುದಾದರೂ ಸಾದಾ ಕೀಪ್ಯಾಡ್ ಫೋನಿಗೆ ಹಾಕಿ. ಇದರಿಂದ ಕಳ್ಳನ ಕೈಗೆ ನಿಮ್ಮ ಮೆಸೇಜು ಹೋಗುವುದು ನಿಲ್ಲುತ್ತದೆ, ಬ್ಯಾಂಕು ಕಳಿಸುವ ಮೆಸೇಜು ನಿಮಗೆ ಬರುತ್ತದೆ. ಅದೇ ಸಿಮ್‌ನಿಂದ ##002# ಒತ್ತಿ ಕರೆ ಮಾಡಿ. ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿಟ್ಟಿದ್ದರೆ ಅದು ರದ್ದಾಗುತ್ತದೆ.

ಒಟಿಪಿ ಹೇಳದಿದ್ದರೂ ರೊಕ್ಕ ಹೇಗೆ ಹೋಯಿತು ಅಂದರೆ, ಹೆಸರಿನ ಕೊನೆಗೆ ‘ಡಾಟ್ ಎಪಿಕೆ’ ಅಂತ ಇರುವ ಫೈಲು ಪಟ್ಟಿಯಲ್ಲ, ಆ್ಯಪು. ಒತ್ತಿದಾಗ ಎಸ್‌ಎಂಎಸ್ ಓದಲು, ಕಳಿಸಲು ಅನುಮತಿ ಕೇಳಿರುತ್ತದೆ, ನೀವು ‘ಅಲೋ’ ಅಂದಿರುತ್ತೀರಿ. ಆಮೇಲೆ ತನ್ನ ಚಿಹ್ನೆಯನ್ನು ಮರೆಮಾಡಿಕೊಂಡು ಒಳಗೇ ಕೂತು, ಬಂದ ಒಟಿಪಿಯನ್ನೆಲ್ಲ ಕಳ್ಳನಿಗೆ ದಾಟಿಸುತ್ತದೆ. ಎಷ್ಟೋ ಸಲ ನಿಮ್ಮ ವಾಟ್ಸಾಪಿನಿಂದ ಅದೇ ಫೈಲನ್ನು ಉಳಿದ ಗ್ರೂಪುಗಳಿಗೂ ಕಳಿಸುತ್ತದೆ. ಗುರುತಿನವರ ನಂಬರಿನಿಂದ ನಿಮಗೆ ಬಂದದ್ದೂ ಹೀಗೆಯೇ ಇರಬೇಕು. ಹೆಸರು ಮಾತ್ರ ಬದಲಾಗುತ್ತಿರುತ್ತದೆ: ಪಿಎಂ ಕಿಸಾನ್, ಆರ್‌ಟಿಒ ಚಲನ್, ಲಗ್ನಪತ್ರಿಕೆ, ಬ್ಯಾಂಕ್ ಕೆವೈಸಿ. ನಟ್ಟನಡುರಾತ್ರಿ ಎರಡು ಸಲ ತೆಗೆದಿರುವುದಕ್ಕೂ ಕಾರಣವಿದೆ. ಆ ಹೊತ್ತಿಗೆ ನೀವು ಮಲಗಿರುತ್ತೀರಿ. ಜೊತೆಗೆ ಹಲವು ಬ್ಯಾಂಕುಗಳಲ್ಲಿ ಒಂದು ದಿನಕ್ಕೆ ಇಷ್ಟೇ ಕಳಿಸಬಹುದು ಎನ್ನುವ ಮಿತಿ ಹನ್ನೆರಡಕ್ಕೆ ಹೊಸದಾಗಿ ಶುರುವಾಗುತ್ತದೆ.

1930ರವರು ಕೇಳುವುದು ಇಷ್ಟು: ನಿಮ್ಮ ಹೆಸರು, ಮೊಬೈಲ್ ನಂಬರು, ಜಿಲ್ಲೆ, ಬ್ಯಾಂಕು ಮತ್ತು ಖಾತೆ ನಂಬರು, ಪ್ರತಿ ಸಲ ಹೋದ ಮೊತ್ತ, ತಾರೀಖು, ವೇಳೆ, ಯುಟಿಆರ್ ನಂಬರು (ಆ ವ್ಯವಹಾರದ ಗುರುತಿನ ಸಂಖ್ಯೆ). ಯುಪಿಐ, ಐಎಂಪಿಎಸ್ ಆದರೆ ಈ ನಂಬರು 12 ಅಂಕಿಯದು. ಬ್ಯಾಂಕಿನ ಮೆಸೇಜಿನಲ್ಲಿ, ಇಲ್ಲವೇ ಸ್ಟೇಟ್‌ಮೆಂಟಿನಲ್ಲಿ ಆ ಸಾಲಿನ ಜೊತೆಗೇ ಇರುತ್ತದೆ. ಪಿನ್, ಒಟಿಪಿ ಅವರು ಕೇಳುವುದಿಲ್ಲ. ಕೇಳಿದರೆ ಅದು 1930 ಅಲ್ಲ.

ಈ ಅವಸರ ಯಾಕೆ? ಹೋದ ರೊಕ್ಕ ಒಂದೇ ಖಾತೆಯಲ್ಲಿ ಕೂತಿರುವುದಿಲ್ಲ. ಮೊದಲ ಖಾತೆಯಿಂದ ನಾಲ್ಕಾರು ಖಾತೆಗೆ ಒಡೆದು, ಅಲ್ಲಿಂದ ಮತ್ತೆ ಒಡೆದು, ಕೊನೆಗೆ ಎಟಿಎಂ, ಚೆಕ್ಕು ಅಥವಾ ಕ್ರಿಪ್ಟೊ ಮೂಲಕ ಹೊರಬೀಳುತ್ತದೆ. 1930ರ ದೂರು ಆನ್‌ಲೈನಿನಲ್ಲೇ ಆ ಬ್ಯಾಂಕಿಗೆ ಮುಟ್ಟುತ್ತದೆ. ಬ್ಯಾಂಕು ತನ್ನಲ್ಲಿ ಉಳಿದಷ್ಟನ್ನು ತಡೆಹಿಡಿದು, ಮುಂದೆ ಹೋದದ್ದನ್ನು ಮುಂದಿನ ಬ್ಯಾಂಕಿಗೆ ತಿಳಿಸುತ್ತದೆ. ಕಳ್ಳ ಮುಂದೆ, ದೂರು ಹಿಂದೆ ಓಡುವ ಆಟ ಇದು. ಮಂದಿ ಏನಂದಾರು ಅಂತ ಎರಡು ದಿನ ಸುಮ್ಮನೆ ಕೂತರೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ.

ದೂರು ಕೊಟ್ಟ ಮೇಲೆ ಒಂದು ಸ್ವೀಕೃತಿ ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ. 24 ತಾಸಿನೊಳಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಉಳಿದ ವಿವರ, ಸ್ಟೇಟ್‌ಮೆಂಟು, ಸ್ಕ್ರೀನ್‌ಶಾಟು ಸೇರಿಸಿ ದೂರು ಪೂರ್ತಿ ಮಾಡಿ. 1930 ಬಿಜಿ ಬರುತ್ತಿದ್ದರೆ ಕಾಯದೆ ನೇರವಾಗಿ ತಾಣದಲ್ಲೇ ಹಾಕಬಹುದು.

ಬ್ಯಾಂಕಿನಲ್ಲಿ ಬಾಯಿಮಾತು ಸಾಲದು. ಯುಪಿಐ, ಮೊಬೈಲ್ ಬ್ಯಾಂಕಿಂಗ್, ಕಾರ್ಡು ಬಂದ್ ಮಾಡಿಸಿ, ‘ಈ ವ್ಯವಹಾರಗಳನ್ನು ನಾನು ಮಾಡಿಲ್ಲ’ ಅಂತ ಅರ್ಜಿ ಕೊಟ್ಟು, ಎರಡನೇ ಪ್ರತಿಯ ಮೇಲೆ ತಾರೀಖು, ವೇಳೆ, ಸೀಲು ಹಾಕಿಸಿಕೊಳ್ಳಿ. ಆ ಸೀಲಿಗೆ ಬೆಲೆಯಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿದ್ದು, 3 ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಗ್ರಾಹಕನ ಮೇಲೆ ನಷ್ಟದ ಹೊಣೆ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆ ಗರಿಷ್ಠ 10,000 ರೂಪಾಯಿ. ಅದೂ ದಾಟಿದರೆ ಬ್ಯಾಂಕಿನ ಸ್ವಂತ ನೀತಿ. ‘ಆ್ಯಪ್ ಹಾಕಿಕೊಂಡಿದ್ದು ನಿಮ್ಮ ತಪ್ಪು’ ಅಂತ ಬ್ಯಾಂಕು ಹೇಳಬಹುದು, ಹೇಳುತ್ತದೆ ಕೂಡ. ಗ್ರಾಹಕನ ತಪ್ಪು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನದು ಅಂತ ಅದೇ ಸುತ್ತೋಲೆಯಲ್ಲಿದೆ; ಅರ್ಜಿಯಲ್ಲಿ ಆ ಸಾಲು ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ಒಂದು ಮಾತು: ನಮ್ಮ ಕಡೆ ಓಣಿಗೊಂದು ಇರುವ ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಬ್ಯಾಂಕುಗಳಲ್ಲ. ಅವುಗಳ ವಿಷಯ ಸಹಕಾರ ಇಲಾಖೆಗೆ ಹೋಗುತ್ತದೆ.

ಪೊಲೀಸರಲ್ಲಿ ಇಂಥ ಪ್ರಕರಣಕ್ಕೆಂದೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ, ನಿಮಗೆ ಬಾಗಲಕೋಟೆಯದು. ಅಷ್ಟು ದೂರ ಆಗದಿದ್ದರೆ ಹತ್ತಿರದ ಠಾಣೆಯಲ್ಲೂ ದೂರು ತೆಗೆದುಕೊಳ್ಳಬೇಕು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ‘ನಮ್ಮ ಹದ್ದಿಗೆ ಬರೋದಿಲ್ಲ’ ಅಂತ ತಿರುಗಿಸಿ ಕಳಿಸುವಂತಿಲ್ಲ. ತಗೊಳ್ಳದಿದ್ದರೆ ಎಸ್‌ಪಿಯವರಿಗೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿ. 1930ರ ಸ್ವೀಕೃತಿ ಎಫ್‌ಐಆರ್ ಅಲ್ಲ ಅನ್ನುವುದೂ ನೆನಪಿರಲಿ.

ಫೋನಿನಲ್ಲಿರುವ ಆ ಫೈಲು, ಅದು ಬಂದ ಗ್ರೂಪಿನ ಮೆಸೇಜು, ಆ್ಯಪುಗಳ ಪಟ್ಟಿ, ಇವನ್ನು ಬೇರೆ ಫೋನಿನಿಂದ ಫೋಟೊ ಹೊಡೆದಿಡಿ. ತನಿಖೆಯವರು ನೋಡಿದ ಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿಸಿ. ಬರೀ ಅನ್‌ಇನ್‌ಸ್ಟಾಲ್ ನಂಬಬೇಡಿ.

ಅಪ್ಪಾರು ನಿವೃತ್ತ ಮಾಸ್ತರು, ಬೆಳಗಾವಿಯಲ್ಲಿ ಅವ್ವ ಅಪ್ಪ ಇಬ್ಬರೇ ಇರ್ತಾರೆ. ನಾನು ಪುಣೆಯಲ್ಲಿ. ‘ಡಿಜಿಟಲ್ ಅರೆಸ್ಟ್’ ಕರೆ ಬಂದರೆ ಅವರಿಗೆ ಗೊತ್ತಾಗೋದು ಹೇಗೆ? ಎಷ್ಟು ಹೇಳಿದರೂ ‘ಪೊಲೀಸರ ಮಾತು ಕೇಳಬೇಕಲ್ಲಪ್ಪ’ ಅಂತಾರೆ.
– ಟಿಳಕವಾಡಿ

ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ, ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸಿ ರೊಕ್ಕ ಕೀಳುವ ಮೋಸ ಇದು. ಕಾನೂನು ಮರ್ಯಾದೆಯಿಂದ ಬದುಕಿದವರೇ ಇದಕ್ಕೆ ಸಿಗುವುದು, ದಡ್ಡರು ಅಂತಲ್ಲ. ಹಾಗಾಗಿ ‘ಯಾರ ಫೋನೂ ಎತ್ತಬೇಡ’ ಅನ್ನುವ ಬುದ್ಧಿವಾದ ಅವರಿಗೆ ಹತ್ತುವುದಿಲ್ಲ. ಪೊಲೀಸರು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ ಅಂತ ಹೇಳಿಕೊಡಿ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಕಾನೂನು ದೇಶದಲ್ಲಿ ಇಲ್ಲ. ಬಂಧಿಸಬೇಕಾದರೆ ಪೊಲೀಸರು ಎದುರಿಗೆ ಬರಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು. ಹಾಜರಾಗಿ ಅಂತ ಕೊಡುವ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂನ ನೋಟಿಸನ್ನು ಸಹ ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯದು ಅಂತ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಕಾನೂನು ಗೌರವಿಸುವವರಿಗೆ ಕಾನೂನಿನ ಮಾತೇ ನಾಟುತ್ತದೆ.

ಈ ಕರೆಯ ನಡೆ ಹೆಚ್ಚುಕಡಿಮೆ ಒಂದೇ ತರಹ. ‘ನಿಮ್ಮ ನಂಬರು ಎರಡು ತಾಸಿನಲ್ಲಿ ಬಂದ್ ಆಗುತ್ತದೆ, 9 ಒತ್ತಿ’ ಅಥವಾ ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’. ಅಲ್ಲಿಂದ ‘ಮುಂಬೈ ಪೊಲೀಸ್’, ‘ಸಿಬಿಐ’. ಯೂನಿಫಾರ್ಮು, ಹಿಂದೆ ಠಾಣೆಯಂಥ ಗೋಡೆ, ನಿಮ್ಮದೇ ಆಧಾರ್ ನಂಬರು, ಕೋರ್ಟಿನ ಸೀಲಿರುವ ಕಾಗದ. ಮೂರು ಮಾತು ಬಂದರೆ ಮುಂದೆ ಯೋಚಿಸುವುದೇ ಬೇಡ: ಮನೆಯಲ್ಲಿ ಯಾರಿಗೂ ಹೇಳಬೇಡಿ, ಕ್ಯಾಮೆರಾ ಬಂದ್ ಮಾಡಬೇಡಿ, ತನಿಖೆ ಮುಗಿಯುವವರೆಗೆ ರೊಕ್ಕ ಈ ಖಾತೆಗೆ ಹಾಕಿ. ಯಾವ ಇಲಾಖೆಗೂ ಅಂಥ ‘ಪರಿಶೀಲನೆ ಖಾತೆ’ ಇಲ್ಲ. ಈ ಪ್ರಕರಣಗಳು ಎಷ್ಟು ಹಬ್ಬಿವೆಯೆಂದರೆ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿಬಿಐಗೇ ವಹಿಸಿತು.

ನೀವು ದೂರ ಇರುವುದರಿಂದ ರೊಕ್ಕ ಹೊರಗೆ ಹೋಗುವ ದಾರಿಗೇ ಅಡ್ಡಗಟ್ಟೆ ಹಾಕಿ. ಈ ಮೋಸದಲ್ಲಿ ದೊಡ್ಡ ಮೊತ್ತ ಹೋಗುವುದು ಎಫ್‌ಡಿ ಮುರಿದು ಆರ್‌ಟಿಜಿಎಸ್ ಮಾಡಿದಾಗ. ಎಫ್‌ಡಿಗಳನ್ನು ‘ಇಬ್ಬರಲ್ಲಿ ಯಾರಾದರೂ’ ಅಂತಿದ್ದರೆ ‘ಇಬ್ಬರೂ ಸೇರಿ’ ಅಂತ ಬದಲಿಸಿ. ಮುರಿಯಲು ಎರಡೂ ಸಹಿ ಬೇಕಾಗುತ್ತದೆ. ನೆಟ್ ಬ್ಯಾಂಕಿಂಗ್ ಮಿತಿ ಇಳಿಸಿ. ಶಾಖೆಯ ಮ್ಯಾನೇಜರಿಗೆ ನಿಮ್ಮ ನಂಬರು ಕೊಟ್ಟು ಬನ್ನಿ. ಕರೆ ಮಾಡಿದವರು ‘ಬ್ಯಾಂಕಿನವರು ಕೇಳಿದರೆ ಮಗನ ಮನಿಗೆ ಅಂತ ಹೇಳ್ರಿ’ ಅಂತ ಮೊದಲೇ ಕಲಿಸಿರುತ್ತಾರೆ, ಆದ್ದರಿಂದ ಕೌಂಟರಿನಲ್ಲಿ ಕೇಳುವುದೊಂದೇ ಸಾಕಾಗದು. ಅಪ್ಪನ ಫೋನು ತಾಸುಗಟ್ಟಲೆ ಬಿಜಿ ಬಂದು, ಅವ್ವನೂ ತಡವರಿಸಿ ಮಾತಾಡಿದರೆ ಮತ್ತೆ ಮತ್ತೆ ಫೋನ್ ಹಚ್ಚುತ್ತ ಕೂಡಬೇಡಿ. ಬಾಜೂ ಮನೆಯವರನ್ನು ಕಳಿಸಿ, ಇಲ್ಲವೇ 112ಕ್ಕೆ ಹೇಳಿ ಪೊಲೀಸರನ್ನೇ ಮನೆಗೆ ಕಳಿಸಿ.

ಫೇಸ್‌ಬುಕ್ಕಿನಾಗ ಬುಲೆಟ್ ಗಾಡಿ 45 ಸಾವಿರಕ್ಕ ಐತಿ. ಮಾರಾವ ಮಿಲಿಟರಿಯಾವ, ಬೆಳಗಾವಿ ಮರಾಠಾ ರೆಜಿಮೆಂಟಿಂದ ವರ್ಗ ಆಗೇತಂತ, ಐಡಿ ಕಾರ್ಡ್ ಕಳಿಸ್ಯಾನ. ಗಾಡಿ ಪಾರ್ಸೆಲ್ ಮಾಡಾಕ ಮೊದಲ 3,100 ಹಾಕು ಅಂತಾನ.
– ಇಳಕಲ್ಲ

ಹಾಕಬೇಡಿ. ಐಡಿ ಕಾರ್ಡು ಯಾರದೋ ಇರುತ್ತದೆ, ಗಾಡಿಯ ಫೋಟೊ ಇನ್ಯಾರದೋ. 3,100 ಕೊಟ್ಟ ಮೇಲೆ ಜಿಎಸ್‌ಟಿ, ಗೇಟ್‌ಪಾಸ್, ‘ವಾಪಸ್ ಬರುವ ಡೆಪಾಜಿಟ್’ ಅಂತ ಎಣಿಕೆ ಏರುತ್ತದೆ. ಬೆಳಗಾವಿ ಅಂದಮೇಲೆ ಮಿಲಿಟರಿಯವರು ಇರೋದೇ ಅಂತ ನಾವು ನಂಬುತ್ತೇವೆ, ಅದನ್ನೇ ಹಿಡಿದುಕೊಂಡಿದ್ದಾರೆ. ಗಾಡಿ ಎದುರಿಗಿಲ್ಲದೆ, ಆರ್‌ಸಿಯ ಹೆಸರೂ ಮಾರುವವನ ಹೆಸರೂ ಒಂದೇ ಅಂತ ಖಾತ್ರಿಯಾಗದೆ ಒಂದು ರೂಪಾಯಿಯೂ ಕೊಡಬೇಡಿ. ನೀವೇ ಏನಾದರೂ ಮಾರುವಾಗ ಇದರ ತಿರುವು ಬರುತ್ತದೆ: ‘ರೊಕ್ಕ ಹಾಕ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’. ಪಿನ್ ಬೇಕಾಗುವುದು ರೊಕ್ಕ ಕಳಿಸಲು. ಬರುವ ರೊಕ್ಕಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಇನ್ನೂ ರೊಕ್ಕ ಹೋಗಿಲ್ಲವಾದ್ದರಿಂದ ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ಹಾಕಿ. ರೊಕ್ಕ ಕಳೆದುಕೊಂಡವರಿಗೆ ಮಾತ್ರ ಅದು ಜಾಗವಲ್ಲ, ಅವರಿಗೆ 1930.

ನಮ್ಮದು ಒಣದ್ರಾಕ್ಷಿ ವ್ಯಾಪಾರ. ಹೊಸ ಗಿರಾಕಿಯೊಬ್ಬ ಮಾಲಿನ ರೊಕ್ಕ ತನ್ನ ‘ಗೆಳೆಯನ’ ಖಾತೆಯಿಂದ ಹಾಕಿಸಿದ, 38,000. ಹದಿನೈದು ದಿನದ ಮೇಲೆ ಇಡೀ ಖಾತೆಯೇ ಬಂದ್. ಬೇರೆ ರಾಜ್ಯದ ಪೊಲೀಸರ ಆದೇಶ ಅಂತಾರೆ. ನಾವೇನು ತಪ್ಪು ಮಾಡಿದ್ವಿ?
– ತಿಕೋಟಾ

ತಪ್ಪು ಮಾಡಿಲ್ಲ, ಆದರೆ ನಿಮಗೆ ಬಂದ 38,000 ಬೇರೆ ಯಾರಿಗೋ ಮೋಸ ಮಾಡಿದ ರೊಕ್ಕ ಇರಬಹುದು. ಕಳ್ಳರು ರೊಕ್ಕವನ್ನು ಮಾಲಾಗಿ ಬದಲಿಸಿಕೊಳ್ಳುವ ಬಗೆ ಇದು. ಮೊದಲ ಪ್ರಶ್ನೆಯ ಜಮಖಂಡಿ ರೈತರಂಥವರು ಎಲ್ಲೋ ದೂರು ಕೊಟ್ಟಿದ್ದಾರೆ, ಅದು ಖಾತೆಯಿಂದ ಖಾತೆಗೆ ಬೆನ್ನುಹತ್ತಿ ನಿಮ್ಮವರೆಗೆ ಬಂದಿದೆ.

ಬ್ಯಾಂಕಿಗೆ ಲಿಖಿತವಾಗಿ ನಾಲ್ಕು ವಿಷಯ ಕೇಳಿ: ದೂರಿನ ಸ್ವೀಕೃತಿ ಸಂಖ್ಯೆ, ಯಾವ ಠಾಣೆ ಮತ್ತು ಅದರ ಇಮೇಲ್, ವಿವಾದದ ಮೊತ್ತ, ತಡೆ ಇರುವುದು ಅಷ್ಟು ಮೊತ್ತಕ್ಕೋ ಇಡೀ ಖಾತೆಗೋ. ಆ ಠಾಣೆಗೆ ಬಿಲ್ಲು, ಲಾರಿ ರಸೀದಿ, ಇದ್ದರೆ ಇ-ವೇ ಬಿಲ್ಲು, ಗಿರಾಕಿಯ ಜೊತೆಗಿನ ಚಾಟು ಲಗತ್ತಿಸಿ ಕಳಿಸಿ. 38,000 ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡಲು ಬ್ಯಾಂಕಿಗೆ ಬರೆಯುವಂತೆ ಕೋರಿ. ಎಷ್ಟೋ ಪ್ರಕರಣ ಇಲ್ಲೇ ಬಗೆಹರಿಯುತ್ತವೆ. ಉತ್ತರ ಬರದಿದ್ದರೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಅರ್ಜಿ ಹಾಕಬೇಕು. ಹೈಕೋರ್ಟಿಗೆ ಹೋಗುವುದಾದರೆ ಎಲ್ಲಿ, ಯಾರ ಮೇಲೆ ಅಂತ ವಕೀಲರ ಜೊತೆ ಕೂತು ತೀರ್ಮಾನಿಸಿ. ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿದ್ದು. ಬೆಳಗಾವಿ, ಬಾಗಲಕೋಟೆಯವರ ಹಾಗೆ ಧಾರವಾಡಕ್ಕಲ್ಲ. ‘ಇಷ್ಟು ಕೊಡ್ರಿ, ಖಾತೆ ತಗಸ್ತೀವಿ’ ಅಂತ ಫೋನ್ ಬಂದರೆ ಅದು ಎರಡನೇ ಮೋಸ. ಮುಂದೆ ಬಿಲ್ಲು ಯಾರ ಹೆಸರಿಗೋ ಅವರ ಖಾತೆಯಿಂದಲೇ ರೊಕ್ಕ ತೆಗೆದುಕೊಳ್ಳಿ. ‘ತಪ್ಪಿ ನಿಮಗೆ ಹಾಕೀನಿ, ವಾಪಸ್ ಹಾಕ್ರಿ’ ಅನ್ನುವ ಅಪರಿಚಿತರಿಗೂ ನೀವಾಗಿ ಹಾಕಬೇಡಿ, ಬ್ಯಾಂಕಿನ ಮೂಲಕ ಹಿಂತಿರುಗಿಸಿ.

ಅವ್ವನ ಖಾತೆಯಿಂದ ಹೆಬ್ಬಟ್ಟಿನ ಮೇಲೆ 10,000 ತೆಗೆದಿದ್ದಾರೆ. ಎಟಿಎಂ ಕಾರ್ಡೂ ಇಲ್ಲ, ಒಟಿಪಿಯೂ ಬಂದಿಲ್ಲ. ಅವಳು ಆ ದಿನ ಮನೆ ಬಿಟ್ಟು ಹೋಗಿಲ್ಲ.
– ಬೈಲಹೊಂಗಲ

ಆಧಾರ್ ಮೂಲಕ ರೊಕ್ಕ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಬೇಕಾಗುವುದು ಮೂರೇ: ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು. ದಸ್ತಾವೇಜುಗಳಿಂದ ಬೆರಳಚ್ಚು ಎತ್ತಿ ಸಿಲಿಕಾನ್‌ನಲ್ಲಿ ಅಚ್ಚು ಮಾಡಿದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ಆಗಿವೆ. ಹಳ್ಳಿಗಳಲ್ಲಿ ಇನ್ನೊಂದು ಸಾದಾ ಬಗೆಯಿದೆ: ‘ಮಷಿನ್ ತಗೊಳವಲ್ದು, ಇನ್ನೊಮ್ಮೆ ಒತ್ತಬೇ’ ಅಂತ ಎರಡು ಸಲ ಒತ್ತಿಸಿ ಎರಡು ಸಲ ತೆಗೆಯುವುದು. ತಾರೀಖು ನೋಡಿ, ಅವ್ವ ಹತ್ತಿರದ ದಿನಗಳಲ್ಲಿ ಎಲ್ಲೆಲ್ಲಿ ಹೆಬ್ಬಟ್ಟು ಒತ್ತಿದಳು ಅಂತ ಬರೆದಿಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ತಾಣದಲ್ಲಿ ಆಧಾರ್ ಬಳಕೆಯ ಕಳೆದ 6 ತಿಂಗಳ ಇತಿಹಾಸ ಸಿಗುತ್ತದೆ, ಅದನ್ನು ದೂರಿಗೆ ಹಚ್ಚಿ. 1930, ಬ್ಯಾಂಕಿಗೆ ಅರ್ಜಿ, 3 ಕೆಲಸದ ದಿನ, ಎಲ್ಲ ಮೇಲೆ ಹೇಳಿದಂತೆಯೇ. ಇಲ್ಲಿ ನಿಮ್ಮ ವಾದ ಇನ್ನೂ ಗಟ್ಟಿ, ಅವ್ವ ಯಾವ ಲಿಂಕನ್ನೂ ಒತ್ತಿಲ್ಲ, ಯಾರಿಗೂ ಒಟಿಪಿ ಹೇಳಿಲ್ಲ.

ಎಂಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ. ಆದರೆ ಲಾಕ್ ಇದ್ದಾಗ ರೇಶನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ, ಹೋಗುವಾಗ ತಾತ್ಕಾಲಿಕವಾಗಿ ತೆಗೆದುಕೊಂಡು ಹೋಗಬೇಕು. ಅದಕ್ಕೆ ಒಟಿಪಿ ಬೇಕು, ಆಧಾರಿಗೆ ಅವ್ವನ ಈಗಿನ ಮೊಬೈಲ್ ನಂಬರು ಜೋಡಣೆಯಾಗಿರಬೇಕು. ಮೊದಲು ಅದನ್ನು ಸರಿ ಮಾಡಿಸಿ.

ಗ್ರಾಮೀಣ ಬ್ಯಾಂಕ್ ವಿಲೀನ ಆಗೇತಿ, ಕೆವೈಸಿ ಮಾಡ್ರಿ, ಲಿಂಕ್ ಕಳಸೀವಿ ಅಂತ ಫೋನ್ ಬರ್ತಾವು.
– ಇಂಡಿ

ವಿಲೀನ ನಿಜ: ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಫೋನು ಸುಳ್ಳು. ನಿಜದ ಸುದ್ದಿಯ ಬೆನ್ನಿಗೆ ಸುಳ್ಳು ಕರೆ ಬರುವುದು ಇವರ ರೂಢಿ. ಕೆವೈಸಿಗೆ ಶಾಖೆಗೇ ಹೋಗಿ. ಬ್ಯಾಂಕುಗಳ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರು ಗೊತ್ತುಮಾಡಿದ್ದಾರೆ, ತಾಣಗಳ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಕೊನೆಯಾಗುತ್ತದೆ.

ಗೊತ್ತಿಲ್ಲದ ಹುಡುಗಿಯ ವಿಡಿಯೊ ಕಾಲ್ ಎತ್ತಿದೆ. ಈಗ ನನ್ನ ವಿಡಿಯೊ ಎಲ್ಲರಿಗೂ ಕಳಿಸ್ತೀನಿ ಅಂತ 20 ಸಾವಿರ ಕೇಳ್ತಿದ್ದಾರೆ. 5 ಸಾವಿರ ಕೊಟ್ಟಿದ್ದೇನೆ. ಮನೆಯಲ್ಲಿ ಗೊತ್ತಾದರೆ ಸಾಯೋದೇ ಗತಿ.
– ಬಾಗಲಕೋಟೆ

ನಿಮ್ಮಂತೆ ಸಿಕ್ಕಿಬಿದ್ದವರು ಬಹಳ ಇದ್ದಾರೆ, ಇದು ಸಾಯುವ ವಿಷಯ ಅಲ್ಲವೇ ಅಲ್ಲ. ಮನಸ್ಸು ಹಿಡಿತಕ್ಕೆ ಸಿಗದಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮನೆಯಲ್ಲೋ ಗೆಳೆಯರಲ್ಲೋ ಒಬ್ಬರಿಗೆ ಈ ಹೊತ್ತೇ ಹೇಳಿ. ಅವರ ಬಲವೆಲ್ಲ ನೀವು ಯಾರಿಗೂ ಹೇಳುವುದಿಲ್ಲ ಅನ್ನುವುದರ ಮೇಲೆ ನಿಂತಿದೆ.

ಇನ್ನು ಒಂದು ಪೈಸೆ ಕೊಡಬೇಡಿ. ಕೊಟ್ಟವರಿಗೆ ಬೇಡಿಕೆ ಹೆಚ್ಚುತ್ತದೆ, ನಿಲ್ಲುವುದಿಲ್ಲ. ಬ್ಲಾಕ್ ಮಾಡುವ ಮೊದಲು ಚಾಟು, ನಂಬರು, ಯುಪಿಐ ಐಡಿ, ಪ್ರೊಫೈಲಿನ ಲಿಂಕು ಉಳಿಸಿ. ಹೆಸರು ಇವತ್ತೇ ಬದಲಾಗುತ್ತದೆ, ಲಿಂಕು ಬೇಕು. ಚಾಟನ್ನು ನಾಚಿಕೆಯಿಂದ ಅಳಿಸಬೇಡಿ. ಕೊಟ್ಟ 5 ಸಾವಿರಕ್ಕೆ 1930, ಬೆದರಿಕೆಗೆ ಸಿಇಎನ್ ಠಾಣೆ. ಸುಲಿಗೆ ನ್ಯಾಯ ಸಂಹಿತೆಯ 308ನೇ ಕಲಂನ ಅಪರಾಧ. ವಿಡಿಯೊ ಹರಡದಂತೆ ‘ಸ್ಟಾಪ್ ಎನ್‌ಸಿಐಐ’ ತಾಣದಲ್ಲಿ ದಾಖಲಿಸಬಹುದು. ವಿಡಿಯೊವನ್ನು ಎಲ್ಲೂ ಕಳಿಸಬೇಕಾಗಿಲ್ಲ, ಅದರ ಗುರುತಿನ ಸಂಕೇತ ಮಾತ್ರ ನಿಮ್ಮ ಫೋನಿನಲ್ಲೇ ತಯಾರಾಗುತ್ತದೆ. ವಯಸ್ಸು 18ರೊಳಗಿದ್ದರೆ ಅದಕ್ಕೆ ‘ಟೇಕ್ ಇಟ್ ಡೌನ್’ ತಾಣ. ನಾಳೆ ‘ದಿಲ್ಲಿ ಸೈಬರ್ ಸೆಲ್‌ನಿಂದ ಮಾತಾಡ್ತೀನಿ, ಆ ಹುಡುಗಿ ಸತ್ತಿದ್ದಾಳೆ’ ಅಂತ ಫೋನ್ ಬರಬಹುದು. ಅವನೂ ಅದೇ ಗುಂಪಿನವನು.

ಕಾಲೇಜಿನ ಸೀನಿಯರ್ ಒಬ್ಬ ‘ನಿನ್ನ ಹೆಸರಲ್ಲಿ ಖಾತೆ ತೆಗೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ 5 ಸಾವಿರ ಕೊಡ್ತೀನಿ’ ಅಂತಾನೆ. ಗೇಮಿಂಗ್ ಕಂಪನಿಗಂತೆ.
– ಚಿಕ್ಕೋಡಿ

ಮೇಲಿನ ಪ್ರಶ್ನೆಗಳಲ್ಲಿ ಹೋದ ರೊಕ್ಕವೆಲ್ಲ ಇಳಿಯುವುದು ಇಂಥ ಖಾತೆಗಳಲ್ಲೇ. ಪೊಲೀಸರ ಕೈಗೆ ಮೊದಲು ಸಿಗುವುದು ಖಾತೆದಾರ, ಅಂದರೆ ನೀವು; ಸೀನಿಯರ್‌ನ ಹೆಸರು ಎಲ್ಲೂ ಇರುವುದಿಲ್ಲ. ವಂಚನೆಗೆ ನ್ಯಾಯ ಸಂಹಿತೆಯ 318(4)ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಖಾತೆ ಆಗಲೇ ಕೊಟ್ಟಿದ್ದರೆ ಇವತ್ತೇ ಶಾಖೆಗೆ ಹೋಗಿ ಲಿಖಿತವಾಗಿ ಬಂದ್ ಮಾಡಿಸಿ, ಸಿಮ್ಮನ್ನೂ ನಿಲ್ಲಿಸಿ, ಆ ಪ್ರತಿ ಹಿಡಿದುಕೊಂಡು ತಂದೆ ಅಥವಾ ವಕೀಲರ ಜೊತೆ ಸಿಇಎನ್ ಠಾಣೆಗೆ ಹೋಗಿ. ಪೊಲೀಸರು ಹುಡುಕಿಕೊಂಡು ಬರುವ ಮೊದಲೇ ಹೋಗಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿವೆ ಅಂತ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಂದಲೇ ಬಂದ್ ಮಾಡಲು ಹೇಳಬಹುದು.